ಜನ ಹೋದರು, ಮಾತು ಉಳಿಯಿತು

ಶರತ್ಕಾಲದಲ್ಲಿ ಬರಬೇಕಾದ ಮಳೆ ತಡವಾದರೆ ಸ್ಪೇನಿನ ದಕ್ಷಿಣದ ಆಂದಲೂಸಿಯಾ ಪ್ರಾಂತ್ಯದ ಆಲಿವ್ ಬೆಳೆಗಾರ ಆಕಾಶ ನೋಡಿ ‘ಒಹಲಾ ಯುಯೇವಾ’ ಎನ್ನುತ್ತಾನೆ. ಮಳೆ ಬರಬಾರದೇ ಎಂದು ಅದರ ತಾತ್ಪರ್ಯ. ಆತ ಕ್ರೈಸ್ತನಿರಬಹುದು, ಯಾವ ಧರ್ಮವನ್ನೂ ನಂಬದವನಿರಬಹುದು. ಆದರೆ ಆ ‘ಒಹಲಾ’ ಎಂಬ ಪದದೊಳಗೆ ಅಲ್ಲಾಹನ ಹೆಸರಿದೆ. ಆ ಮಾತನ್ನು ಅವನ ನಾಡಿಗೆ ಕೊಟ್ಟ ಜನರನ್ನು ಅಲ್ಲಿಂದ ಹೊರಗಟ್ಟಿ ನಾನೂರು ವರ್ಷಗಳ ಮೇಲಾಯಿತು. ಅವರ ಭಾಷೆಯನ್ನು ರಾಜಾಜ್ಞೆ ಹೊರಡಿಸಿ ನಿಷೇಧಿಸಲಾಯಿತು. ಜನ ಹೋದರು, ಮಾತು ಮಾತ್ರ ಹೋಗಲಿಲ್ಲ.

ಜುಮಾ ಖುತ್ಬಾಗಳಲ್ಲಿ ನಾಲಿಗೆಯ ಜವಾಬ್ದಾರಿಯ ಬಗ್ಗೆ ನಾವು ಮತ್ತೆ ಮತ್ತೆ ಕೇಳುತ್ತೇವೆ. ಸುಳ್ಳು, ಪರನಿಂದೆ, ಕೊಟ್ಟ ಮಾತಿಗೆ ತಪ್ಪುವುದು ಇವೆಲ್ಲ ಅಲ್ಲಿ ಬರುವ ವಿಷಯಗಳು. ಈ ಬಾರಿ ಇತಿಹಾಸದ ಪುಟದಲ್ಲಿ ಅದೇ ವಿಷಯವನ್ನು ಇನ್ನೊಂದು ದಾರಿಯಿಂದ ನೋಡೋಣ. ಒಂದು ಪದಕ್ಕೆ ಅರ್ಥ ಎಲ್ಲಿಂದ ಬರುತ್ತದೆ? ನಿಘಂಟಿನಿಂದಲೋ, ಅದನ್ನು ದಿನವೂ ಬಳಸುವವರ ನಡತೆಯಿಂದಲೋ? ಸ್ಪೇನಿನ ಭಾಷೆ ಇದಕ್ಕೆ ಒಳ್ಳೆಯ ಸಾಕ್ಷಿ.

ನಿಘಂಟು ಹೇಳುವುದೆಷ್ಟು?

‘ಒಹಲಾ’ ಎಂಬುದು ನಮ್ಮ ‘ಇನ್ ಶಾ ಅಲ್ಲಾಹ್’ನಿಂದಲೇ ಬಂತೆಂದು ಹಲವರು ತಿಳಿದಿದ್ದಾರೆ. ಅದು ಪೂರ್ತಿ ಸರಿಯಲ್ಲ. ಸ್ಪ್ಯಾನಿಷ್ ಭಾಷೆಯ ರಾಜ ಅಕಾಡೆಮಿ 1713ರಲ್ಲಿ ಸ್ಥಾಪನೆಯಾದ ಸಂಸ್ಥೆ. ಅಂದಲೂಸಿನ ಅರಬರು ಆಡುತ್ತಿದ್ದ ‘ಲವ್ ಶಾ ಅಲ್ಲಾಹ್’ ಎಂಬ ಮಾತೇ ಇದರ ಮೂಲ ಎಂದು ಆ ಅಕಾಡೆಮಿಯ ನಿಘಂಟು ಹೇಳುತ್ತದೆ. ಅರಬಿಯಲ್ಲಿ ‘ಇನ್’ ಮತ್ತು ‘ಲವ್’ ಎರಡಕ್ಕೂ ಕನ್ನಡದಲ್ಲಿ ‘-ದರೆ’ ಎಂದೇ ಹೇಳಬೇಕು. ಆದರೆ ‘ಇನ್’ ಆಗಬಹುದಾದ ಸಂಗತಿಗೆ, ‘ಲವ್’ ಆಗುವುದು ಕಷ್ಟವೆನಿಸುವ ಸಂಗತಿಗೆ. ಮದರಸದಲ್ಲಿ ಅರಬಿ ವ್ಯಾಕರಣ ಓದಿದವರಿಗೆ ಈ ವ್ಯತ್ಯಾಸ ತಕ್ಷಣ ಹೊಳೆಯುತ್ತದೆ.

ಇಂದಿನ ನಿಘಂಟಿನಲ್ಲಿ ‘ಒಹಲಾ’ದ ಅರ್ಥ ಚಿಕ್ಕದು: ಏನಾದರೊಂದು ಆಗಲಿ ಎಂಬ ಗಾಢವಾದ ಹಾರೈಕೆಯನ್ನು ತೋರಿಸುವ ಉದ್ಗಾರ. ಬಳಕೆ ಇದಕ್ಕಿಂತ ದೊಡ್ಡದು. ‘ಒಹಲಾ’ದ ಮುಂದೆ ಕ್ರಿಯಾಪದದ ಒಂದು ರೂಪ ಬಂದರೆ ‘ಮಳೆ ಬರಲಪ್ಪಾ’ ಎಂಬ ಭರವಸೆ. ರೂಪ ಸ್ವಲ್ಪ ಬದಲಾದರೆ ‘ಮಳೆ ಬರುವಂತಿದ್ದರೆ ಎಷ್ಟು ಚೆನ್ನಾಗಿತ್ತು’ ಎಂಬ ಆಸೆ, ಅದರೊಳಗೆ ಬರಲಾರದೆಂಬ ಅನುಮಾನ. ಮತ್ತೊಂದು ರೂಪದಲ್ಲಿ ‘ಆಗಲೇ ಬಂದಿದ್ದರೆ!’ ಎಂಬ ಪಶ್ಚಾತ್ತಾಪ. ‘ನಿಮ್ಮ ಮಗನಿಗೆ ಕೆಲಸ ಸಿಗುತ್ತದೆ ಬಿಡಿ’ ಎಂದು ಯಾರಾದರೂ ಸಮಾಧಾನ ಹೇಳಿದಾಗ ತಾಯಿ ಬರಿಯ ‘ಒಹಲಾ’ ಎಂದು ಉಸಿರು ಬಿಟ್ಟರೆ, ‘ನಿಮ್ಮ ಬಾಯಿ ಹರಕೆಯಿಂದ ಆದರೆ ಸಾಕು, ನನಗೇನೋ ನಂಬಿಕೆ ಬರುತ್ತಿಲ್ಲ’ ಎಂಬಷ್ಟು ಮಾತು ಆ ಒಂದು ಪದದಲ್ಲಿರುತ್ತದೆ. ದನಿ, ಮುಖಭಾವ, ಹೇಳುವವರ ಸ್ಥಿತಿ ಇವೆಲ್ಲ ಸೇರಿ ಅರ್ಥವಾಗುವ ಮಾತು ಅದು. ಯಾವ ನಿಘಂಟೂ ಅದನ್ನು ಪೂರ್ತಿ ಹಿಡಿಯಲಾರದು.

ಎಂಟು ಶತಮಾನಗಳ ನೆರೆಹೊರೆ

ಕ್ರಿ.ಶ. 711ರಲ್ಲಿ ತಾರಿಕ್ ಬಿನ್ ಝಿಯಾದ್ ಸಮುದ್ರ ದಾಟಿ ಇಳಿದ ಬೆಟ್ಟ ಇಂದಿಗೂ ಅವರ ಹೆಸರಿನಲ್ಲೇ ಇದೆ. ಜಬಲ್ ತಾರಿಕ್ ಎಂಬುದೇ ಜಿಬ್ರಾಲ್ಟರ್ ಆಯಿತು. ಅಲ್ಲಿಂದ ಮೊದಲ್ಗೊಂಡು 1492ರ ಜನವರಿ 2ರಂದು ಗ್ರಾನಡಾ ನಗರ ಶರಣಾಗುವವರೆಗೆ ಸುಮಾರು ಎಂಟು ಶತಮಾನ ಆ ನೆಲದ ಒಂದಲ್ಲ ಒಂದು ಭಾಗದಲ್ಲಿ ಮುಸ್ಲಿಮ್ ಆಳ್ವಿಕೆಯಿತ್ತು. 1085ರಲ್ಲಿ ಟೊಲೆಡೊ, 1236ರಲ್ಲಿ ಕುರ್ತುಬಾ, 1248ರಲ್ಲಿ ಸೆವಿಲ್ಲೆ ಹೀಗೆ ಒಂದೊಂದೇ ನಗರ ಕ್ರೈಸ್ತ ದೊರೆಗಳ ಕೈಸೇರಿತು. ಆಳುವವರು ಬದಲಾದರೂ ಸಂತೆ, ಹೊಲ, ಕಾಲುವೆ, ಅಡುಗೆಮನೆ ಬದಲಾಗಲಿಲ್ಲ. ಅಲ್ಲಿ ಬೇಕಾದ ಪದಗಳು ಅರಬಿಯವೇ ಆಗಿದ್ದವು. ಊರುಗಳ ಹೆಸರು, ಒಂದರಿಂದ ಹುಟ್ಟಿದ ಇನ್ನೊಂದು ರೂಪ ಎಲ್ಲವನ್ನೂ ಸೇರಿಸಿದರೆ ಸ್ಪ್ಯಾನಿಷ್‌ನಲ್ಲಿ ಅರಬಿ ಮೂಲದ ಪದಗಳು ಸುಮಾರು 4,000 ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ.

ಇವುಗಳಲ್ಲಿ ಕೆಲವನ್ನು ನಮ್ಮ ಓದುಗರು ನಿಘಂಟಿಲ್ಲದೆಯೇ ಗುರುತಿಸಬಲ್ಲರು. ಅಲ್ಲಿ ಸಕ್ಕರೆ ‘ಅಸೂಕರ್’, ಎಣ್ಣೆ ‘ಅಸೇಯ್ತೆ’. ಎಣ್ಣೆಯ ಮೂಲ ‘ಅಝ್ಝೈತ್’. ‘ತನಕ’ ಎನ್ನಲು ಸ್ಪ್ಯಾನಿಷರು ಬಳಸುವ ‘ಆಸ್ತಾ’ ಅರಬಿಯ ‘ಹತ್ತಾ’. ಸೂರಃ ಅಲ್ ಕದ್ರ್‌ನ ಕೊನೆಯ ಸೂಕ್ತದಲ್ಲಿ ಪ್ರಭಾತದ ತನಕ ಎಂಬಲ್ಲಿ ನಾವು ಪಠಿಸುವ ಪದ ಅದೇ. ಅರಬಿಯ ‘ಹತ್ತಾ’ಕ್ಕೆ ‘ಸಹ, ಕೂಡ’ ಎಂಬ ಇನ್ನೊಂದು ಬಳಕೆಯೂ ಇದೆ. ಸ್ಪ್ಯಾನಿಷರು ಅದನ್ನೂ ಜೊತೆಗೆ ತೆಗೆದುಕೊಂಡರು. ‘ಮಕ್ಕಳಿಗೆ ಕೂಡ ಗೊತ್ತು’ ಎನ್ನುವಲ್ಲಿ ಅವರು ‘ಆಸ್ತಾ’ ಎನ್ನುತ್ತಾರೆ. ಸಕ್ಕರೆ, ಎಣ್ಣೆಯಂಥ ಹೆಸರುಗಳನ್ನು ವ್ಯಾಪಾರಿಯಿಂದಲೂ ಪಡೆಯಬಹುದು. ‘ತನಕ’, ‘ಕೂಡ’ ಎಂಬ ಸಣ್ಣ ಪದಗಳು ಮಾತ್ರ ಹಾಗೆ ಬರುವುದಿಲ್ಲ. ಒಂದೇ ಬೀದಿಯಲ್ಲಿ ತಲೆಮಾರುಗಳ ಕಾಲ ಬಾಳಿದವರ ನಡುವೆ ಮಾತ್ರ ಅವು ಕೈಬದಲಾಗುತ್ತವೆ.

ಹೆಸರು ಹೇಳಲು ಬಯಸದ ವ್ಯಕ್ತಿಗೆ ಅರಬಿಯಲ್ಲಿ ‘ಫುಲಾನ್’ ಎನ್ನುತ್ತಾರೆ. ಸೂರಃ ಅಲ್ ಫುರ್ಕಾನ್‌ನಲ್ಲಿ ಈ ಪದವಿದೆ. ನಮ್ಮ ದಖನಿ ಮಾತನಾಡುವ ಮನೆಗಳಲ್ಲಿ ‘ಫಲಾನಾ’ ಎನ್ನುವುದೂ ಇದನ್ನೇ. ಸ್ಪ್ಯಾನಿಷ್‌ನಲ್ಲಿ ಇದು ‘ಫುಲಾನೊ’. ನಿಘಂಟಿನ ಮೊದಲ ಅರ್ಥ ‘ಇಂಥವನೊಬ್ಬ’ ಎಂದಷ್ಟೇ. ಬಳಕೆಯಲ್ಲಿ ಮಾತ್ರ ‘ಯಾವನೋ ಒಬ್ಬ’ ಎಂಬ ತಾತ್ಸಾರ ಸೇರಿಕೊಂಡಿತು. ಹೆಣ್ಣಿಗೆ ‘ಫುಲಾನಾ’ ಎಂದರಂತೂ ನಡತೆಗೆಟ್ಟವಳು ಎಂಬ ಬೈಗುಳವೇ ಆಯಿತು. ಒಬ್ಬರ ಮಾನ ಕಾಪಾಡಲು ಹೆಸರು ಮರೆಸುತ್ತಿದ್ದ ಪದ, ಇನ್ನೊಬ್ಬರ ಮಾನ ಕಳೆಯಲು ಬಳಕೆಯಾಯಿತು. ಪದ ಅದೇ, ಬಳಸುವವರ ಮನಸ್ಸು ಬೇರೆ.

ಇನ್ನು ಕೆಲವು ಪದಗಳು ಕೆಲಸ ಬದಲಿಸಿದವು. ಖಾಝಿ ಎಂದರೆ ನ್ಯಾಯಾಧೀಶ. ‘ಅಲ್ ಖಾಝಿ’ಯಿಂದ ಬಂದ ‘ಅಲ್ಕಾಲ್ದೆ’ ಎಂದರೆ ಇಂದು ಊರಿನ ಮೇಯರ್. ವಜೀರ ಎಂದರೆ ರಾಜನ ಮಂತ್ರಿ. ಅದರಿಂದಾದ ‘ಅಲ್ಗ್ವಾಸಿಲ್’ ಎಂದರೆ ನ್ಯಾಯಾಲಯದ ಕೆಳದರ್ಜೆಯ ಸಿಬ್ಬಂದಿ, ನಮ್ಮ ಕಡೆಯ ಅಮೀನನಂತೆ. ಅರಬಿಯ ‘ಸಫತ್’ ಎಂದರೆ ಬುಟ್ಟಿ. ಅದು ಸ್ಪ್ಯಾನಿಷ್‌ನಲ್ಲಿ ತಟ್ಟೆಯಾಯಿತು. ರಾಣಿಯ ಒಡವೆ ವಸ್ತ್ರಗಳನ್ನು ಆ ತಟ್ಟೆಯಲ್ಲಿಟ್ಟು ತರುವ ಸಖಿ ‘ಅಸಫಾತಾ’ ಆದಳು. ಇಂದು ಆ ಪದಕ್ಕೆ ವಿಮಾನದ ಗಗನಸಖಿ ಎಂದು ಅರ್ಥ. ದಿಂಬಿಗೆ ‘ಅಲ್ಮೊಆದಾ’, ಇದು ಅರಬಿಯ ‘ಮಿಖದ್ದಾ’ದಿಂದ ಬಂದದ್ದು. ಯಾರಾದರೂ ‘ದಿಂಬಿನ ಜೊತೆ ಸಮಾಲೋಚಿಸುತ್ತೇನೆ’ ಎಂದರೆ, ಇಂದು ರಾತ್ರಿ ಯೋಚಿಸಿ ನಾಳೆ ಹೇಳುತ್ತೇನೆ ಎಂದರ್ಥ. ದಿಂಬು ಎಂಬ ಪದವನ್ನಷ್ಟೇ ತಿಳಿದವನಿಗೆ ಈ ಮಾತು ತಿಳಿಯುವುದಿಲ್ಲ.

ನೀರಿನ ಕಾಲುವೆಗೆ ‘ಅಸೇಕಿಯಾ’ ಎನ್ನುತ್ತಾರೆ. ಇದು ಅರಬಿಯ ‘ಅಸ್ಸಾಕಿಯಾ’. ವೇಲೆನ್ಸಿಯಾ ನಗರದ ಕೆಥೀಡ್ರಲ್‌ನ ಒಂದು ಬಾಗಿಲ ಮುಂದೆ ಇಂದಿಗೂ ಪ್ರತಿ ಗುರುವಾರ ನಡುಹಗಲು ನೀರಿನ ನ್ಯಾಯಮಂಡಳಿ ಸೇರುತ್ತದೆ. ರೈತರೇ ಆರಿಸಿದ ನ್ಯಾಯಾಧೀಶರು ಕಾಲುವೆ ನೀರಿನ ಜಗಳಗಳನ್ನು ಅಲ್ಲೇ, ಬಾಯಿಮಾತಿನಲ್ಲೇ ತೀರ್ಮಾನಿಸುತ್ತಾರೆ. ಒಂದೊಂದು ಕಾಲುವೆಯ ಹೆಸರು ಹಿಡಿದು ದೂರು ಇದೆಯೇ ಎಂದು ಕೂಗುವವನು ‘ಅಲ್ಗ್ವಾಸಿಲ್’, ಅಂದರೆ ಹಳೆಯ ವಜೀರ. ಮುಸ್ಲಿಮ್ ಆಳ್ವಿಕೆಯ ಕಾಲದಿಂದ ನಡೆದುಬಂದ ಪದ್ಧತಿ ಇದು ಎಂಬುದು ಅಲ್ಲಿನವರ ನಂಬಿಕೆ. 2009ರಲ್ಲಿ ಯುನೆಸ್ಕೊ ಇದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಲ್ಲೊಂದು ಎಚ್ಚರಿಕೆಯೂ ಬೇಕು. ಅಭಿಮಾನ ಹೆಚ್ಚಾದರೆ ಎಲ್ಲವೂ ನಮ್ಮದೇ ಎನಿಸುತ್ತದೆ. ಗೂಳಿಕಾಳಗದಲ್ಲಿ ಜನ ಕೂಗುವ ‘ಒಲೇ’ ಎಂಬುದು ‘ಅಲ್ಲಾಹ್’ ಎಂಬುದರಿಂದಲೇ ಬಂತೆಂಬ ಮಾತು ಎಲ್ಲೆಡೆ ಹರಿದಾಡುತ್ತದೆ. ಅನೇಕ ಭಾಷಾ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ಈ ತಪ್ಪು ಹೊಸದೂ ಅಲ್ಲ. ಸರ್ವಾಂಟೆಸ್ ಬರೆದ ಡಾನ್ ಕ್ವಿಕ್ಸೋಟ್‌ನ 1615ರ ಎರಡನೆಯ ಭಾಗದಲ್ಲಿ ನಾಯಕನು ತನ್ನ ಸೇವಕ ಸಾಂಚೊಗೆ ‘ಅಲ್’ ಎಂದು ಶುರುವಾಗುವ ಪದಗಳೆಲ್ಲ ಅರಬರವು ಎಂದು ಪಾಠ ಹೇಳುತ್ತಾನೆ. ಅವನು ಕೊಡುವ ಪಟ್ಟಿಯಲ್ಲಿ ಊಟ ಮಾಡು ಎಂಬರ್ಥದ ‘ಅಲ್ಮೊರ್ಸಾರ್’ ಕೂಡ ಸೇರಿದೆ. ಅದು ಲ್ಯಾಟಿನ್ ಮೂಲದ ಪದ! ಇತಿಹಾಸ ಹೇಳುವಾಗ ನಮಗೆ ಇಷ್ಟವಾದದ್ದಕ್ಕೂ ಸಾಕ್ಷ್ಯ ಕೇಳಬೇಕು.

ಗೌರವ ಕಳೆದುಕೊಂಡ ಪದಗಳು

ಒಂದು ಜನಾಂಗವನ್ನು ನೆರೆಯವರು ಹೇಗೆ ಕಂಡರೆಂಬುದು ಪದಗಳ ಅರ್ಥದಲ್ಲೂ ದಾಖಲಾಗುತ್ತದೆ. ‘ಅಲ್ ಅರಬಿಯ್ಯಾ’ ಎಂದರೆ ಅರಬಿ ಭಾಷೆ. ಸ್ಪ್ಯಾನಿಷ್‌ನಲ್ಲಿ ಅದು ‘ಅಲ್ಗರಬೀಯಾ’ ಆಯಿತು. ನಿಘಂಟಿನಲ್ಲಿ ಅರಬಿ ಭಾಷೆ ಎಂಬ ಅರ್ಥ ಇನ್ನೂ ಇದೆ. ಬೀದಿಯಲ್ಲಿ ಮಾತ್ರ ಅದರ ಅರ್ಥ ಗದ್ದಲ, ಏನೂ ತಿಳಿಯದ ಗಲಿಬಿಲಿ. ತರಗತಿಯಲ್ಲಿ ಮಕ್ಕಳು ಗಲಾಟೆ ಮಾಡಿದರೆ ‘ಏನಿದು ಅಲ್ಗರಬೀಯಾ’ ಎನ್ನುತ್ತಾರೆ. ಒಂದು ಕಾಲದಲ್ಲಿ ವೈದ್ಯ, ಗಣಿತ, ಖಗೋಳ ಕಲಿಯಲು ಯೂರೋಪಿನವರು ಟೊಲೆಡೊಗೆ ಬಂದು ಕಷ್ಟಪಟ್ಟು ಕಲಿತ ಭಾಷೆ ಅದು.

ಪರಸ್ಪರ ಶಾಂತಿ ಕೋರುವ ‘ಅಸ್ಸಲಾಮ್’ನಿಂದ ‘ಸಲೇಮಾ’ ಎಂಬ ಪದ ಬಂತು. ಅದರ ಅರ್ಥ ಬಗ್ಗಿ ಮಾಡುವ ನಮಸ್ಕಾರ. ಅದೇ ಮೂಲದ ‘ಸಲಮೇರೊ’ ಎಂದರೆ ಬೆಣ್ಣೆ ಹಚ್ಚುವವನು, ಮುಖಸ್ತುತಿಕೋರ. ಸೋತವನ ಸಲಾಮು ಗೆದ್ದವನ ಕಣ್ಣಿಗೆ ಹಾಗೆ ಕಂಡಿರಬೇಕು.

ಎಲ್ಲ ಬದಲಾವಣೆಯನ್ನೂ ದ್ವೇಷದ ಲೆಕ್ಕಕ್ಕೆ ಹಾಕಬೇಕಿಲ್ಲ. ‘ಮಿಸ್ಕೀನ್’ ಎಂದರೆ ನಿರ್ಗತಿಕ. ಸೂರಃ ಅಲ್ ಮಾಊನ್ ಮಿಸ್ಕೀನನಿಗೆ ಅನ್ನ ನೀಡಲು ಪ್ರೇರೇಪಿಸದವನನ್ನು ಕಟುವಾಗಿ ಖಂಡಿಸುತ್ತದೆ. ಮಧ್ಯಯುಗದ ಸ್ಪ್ಯಾನಿಷ್‌ನಲ್ಲೂ ‘ಮೆಸ್ಕೀನೊ’ ಎಂದರೆ ಬಡವ, ನತದೃಷ್ಟ ಎಂದೇ ಇತ್ತು. ಕಾಲಕ್ರಮದಲ್ಲಿ ಅದು ಜಿಪುಣ, ಸಣ್ಣ ಮನಸ್ಸಿನವ ಎಂಬ ಅರ್ಥಕ್ಕೆ ತಿರುಗಿತು. ಕಾಸಿಲ್ಲದೆ ಕೈ ಬಿಗಿ ಹಿಡಿದವನಿಗೂ, ಕಾಸಿದ್ದೂ ಕೈ ಬಿಚ್ಚದವನಿಗೂ ಜನ ಒಂದೇ ಹೆಸರಿಟ್ಟರು. ಯಾರಿಗೆ ಕೊಡಬೇಕೆಂದು ಆ ಸೂರಃ ಹೇಳುತ್ತದೋ ಅವನ ಹೆಸರೇ ಕೊಡದವನ ಹೆಸರಾಯಿತು.

ಭಾಷೆಗೆ ಬಿದ್ದ ನಿಷೇಧ

ಗ್ರಾನಡಾ ಶರಣಾಗುವ ಮುನ್ನ 1491ರಲ್ಲಿ ಆದ ಒಪ್ಪಂದದಲ್ಲಿ ಮುಸ್ಲಿಮರ ಧರ್ಮ, ಮಸೀದಿ, ಶರೀಅತ್ ಎಲ್ಲಕ್ಕೂ ರಕ್ಷಣೆಯ ಭರವಸೆಯಿತ್ತು. ಅದು ಹತ್ತು ವರ್ಷವೂ ಬಾಳಲಿಲ್ಲ. 1499ರಿಂದ ಒತ್ತಾಯದ ಮತಾಂತರಗಳು ನಡೆದವು, ಅರಬಿ ಗ್ರಂಥಗಳನ್ನು ಸುಟ್ಟರು. 1502ರಲ್ಲಿ ಕಾಸ್ಟೀಲ್ ರಾಜ್ಯದ ಮುಸ್ಲಿಮರಿಗೆ ಮತಾಂತರ ಇಲ್ಲವೇ ದೇಶತ್ಯಾಗ ಎಂಬ ಎರಡೇ ದಾರಿ ಉಳಿಯಿತು. ಹೀಗೆ ಮತಾಂತರಗೊಂಡವರನ್ನು ಮೊರಿಸ್ಕೊಗಳು ಎಂದು ಕರೆದರು.

1505ರಲ್ಲಿ ಗ್ರಾನಡಾದಲ್ಲಿ ಒಂದು ನಿಘಂಟು ಅಚ್ಚಾಯಿತು. ಪೆದ್ರೊ ದೆ ಅಲ್ಕಲಾ ಎಂಬ ಪಾದ್ರಿ ಸಿದ್ಧಪಡಿಸಿದ ಸ್ಪ್ಯಾನಿಷ್-ಅರಬಿ ಪದಕೋಶ ಅದು. ಮೊರಿಸ್ಕೊಗಳಿಗೆ ಅವರದೇ ಮಾತಿನಲ್ಲಿ ಕ್ರೈಸ್ತ ಬೋಧನೆ ಮಾಡಲು ಪಾದ್ರಿಗಳಿಗೆ ನೆರವಾಗುವುದು ಅದರ ಉದ್ದೇಶ. ಅಂದಿನ ಗ್ರಾನಡಾದ ಜನ ಮನೆಯಲ್ಲಿ ಅರಬಿಯನ್ನು ಹೇಗೆ ಉಚ್ಚರಿಸುತ್ತಿದ್ದರೆಂದು ಇಂದು ತಿಳಿಯಬೇಕಾದರೆ ವಿದ್ವಾಂಸರು ಆ ಪುಸ್ತಕವನ್ನೇ ತೆರೆಯುತ್ತಾರೆ. ಒಂದು ಧರ್ಮವನ್ನು ಅಳಿಸಲು ಬರೆದ ಪುಸ್ತಕ ಒಂದು ಜನರ ಮಾತನ್ನು ಉಳಿಸಿಕೊಟ್ಟಿತು.

ಮುಂದೆ ಬೋಧನೆಯ ತಾಳ್ಮೆಯೂ ಮುಗಿಯಿತು. ಎರಡನೆಯ ಫಿಲಿಪ್ ದೊರೆಯ ಆಜ್ಞೆ 1567ರ ಜನವರಿ 1ರಂದು ಗ್ರಾನಡಾದಲ್ಲಿ ಪ್ರಕಟವಾಯಿತು. ಮೂರು ವರ್ಷಗಳೊಳಗೆ ಎಲ್ಲರೂ ಸ್ಪ್ಯಾನಿಷ್ ಕಲಿಯಬೇಕು, ಆಮೇಲೆ ಮನೆಯಲ್ಲಾಗಲಿ ಹೊರಗಾಗಲಿ ಅರಬಿ ಆಡಕೂಡದು, ಬರೆಯಕೂಡದು. ಅರಬಿ ಹೆಸರು, ಉಡುಪು, ಸ್ನಾನಗೃಹಗಳಿಗೂ ನಿಷೇಧ. ಆಗ ಫ್ರಾನ್ಸಿಸ್ಕೊ ನೂನ್ಯೆಸ್ ಮುಲೇ ಎಂಬ ವೃದ್ಧ ಮೊರಿಸ್ಕೊ ಮುಖಂಡ ಅಧಿಕಾರಿಗಳ ಮುಂದೆ ಒಂದು ಮನವಿ ಇಟ್ಟರು. ಅವರ ವಾದ ಸರಳವಾಗಿತ್ತು. ಭಾಷೆಗೂ ಧರ್ಮಕ್ಕೂ ಗಂಟು ಹಾಕಬೇಡಿ. ಜೆರುಸಲೇಮಿನ ಕ್ರೈಸ್ತರು ಅರಬಿ ಆಡುತ್ತಾರೆ, ಮಾಲ್ಟಾದ ಕ್ರೈಸ್ತರೂ ಆಡುತ್ತಾರೆ, ಅವರು ಕ್ರೈಸ್ತರಲ್ಲವೇ? ಹುಟ್ಟಿದಾರಭ್ಯ ಆಡಿದ ಮಾತನ್ನು ಮುದುಕರು ಬಿಡುವುದಾದರೂ ಹೇಗೆ? ಮನವಿಗೆ ಕಿವಿಗೊಡುವವರಿರಲಿಲ್ಲ. 1568ರ ಕೊನೆಯಲ್ಲಿ ಆಲ್ಪುಹಾರಾ ಬೆಟ್ಟಗಳಲ್ಲಿ ಬಂಡಾಯ ಎದ್ದಿತು. ಅದನ್ನು ಅಡಗಿಸಿದ ಮೇಲೆ ಗ್ರಾನಡಾದ ಹತ್ತಾರು ಸಾವಿರ ಮೊರಿಸ್ಕೊಗಳನ್ನು ಊರುಬಿಡಿಸಿ ಬೇರೆ ಬೇರೆ ಪ್ರಾಂತ್ಯಗಳಿಗೆ ಚದುರಿಸಲಾಯಿತು.

ಕೊನೆಗೆ 1609ರ ಸೆಪ್ಟೆಂಬರ್ 22ರಂದು ವೇಲೆನ್ಸಿಯಾದಲ್ಲಿ ಉಚ್ಚಾಟನೆಯ ಆಜ್ಞೆ ಹೊರಬಿತ್ತು. 1614ರ ಹೊತ್ತಿಗೆ ಸುಮಾರು ಮೂರು ಲಕ್ಷ ಜನರನ್ನು ಹಡಗು ಹತ್ತಿಸಲಾಯಿತು. ಈ ಉಚ್ಚಾಟನೆ ನಡೆಯುತ್ತಿದ್ದಾಗಲೇ, 1611ರಲ್ಲಿ, ಸೆಬಾಸ್ಟಿಯನ್ ದೆ ಕೊವರ್ರೂಬಿಯಾಸ್ ಎಂಬ ಪಾದ್ರಿಯ ಸ್ಪ್ಯಾನಿಷ್ ನಿಘಂಟು ಹೊರಬಂತು. ವೇಲೆನ್ಸಿಯಾದ ಮೊರಿಸ್ಕೊಗಳಿಗೆ ಕ್ರೈಸ್ತ ಬೋಧನೆ ಏರ್ಪಡಿಸುವ ಕೆಲಸದಲ್ಲಿ ತೊಡಗಿದ್ದವನೇ ಆತ. ಅವನ ನಿಘಂಟಿನಲ್ಲಿ ‘ಅಲ್’ ಎಂದು ಆರಂಭವಾಗುವ ಪದಗಳ ಸಾಲೇ ಇದೆ, ಅವುಗಳ ಅರಬಿ ಮೂಲದ ವಿವರಣೆಯೂ ಇದೆ. ಬಂದರಿನಲ್ಲಿ ಜನರನ್ನು ಹೊರಹಾಕುತ್ತಿದ್ದರು, ಪುಸ್ತಕದಲ್ಲಿ ಅವರ ಪದಗಳನ್ನು ತಮ್ಮವೆಂದು ಬರೆದಿಟ್ಟುಕೊಳ್ಳುತ್ತಿದ್ದರು.

ಹೋದವರು ಒಯ್ದದ್ದೇನು? ಟುನೀಶಿಯಾದ ತೆಸ್ತೂರ್ ಎಂಬ ಊರಿನಲ್ಲಿ ನೆಲೆಸಿದ ಮೊರಿಸ್ಕೊಗಳು ಹಲವು ತಲೆಮಾರು ಸ್ಪ್ಯಾನಿಷ್ ಮಾತನಾಡುತ್ತಿದ್ದರು. ಸ್ಪೇನಿನಲ್ಲಿ ಅರಬಿಗಾಗಿ ಶಿಕ್ಷೆ ಉಂಡವರ ಮಕ್ಕಳು ಆಫ್ರಿಕಾದಲ್ಲಿ ಸ್ಪ್ಯಾನಿಷ್ ಮರೆಯಲಾರದೆ ಉಳಿದರು. ನೂನ್ಯೆಸ್ ಮುಲೇ ಹೇಳಿದ್ದು ಇದನ್ನೇ ಅಲ್ಲವೇ?

ಬಚ್ಚಿಟ್ಟ ಗ್ರಂಥಗಳು

1884ರಲ್ಲಿ ಸಾರಗೋಸಾ ಪ್ರಾಂತ್ಯದ ಅಲ್ಮೊನಾಸಿದ್ ದೆ ಲಾ ಸಿಯೆರ್ರಾ ಎಂಬ ಊರಿನಲ್ಲಿ ಹಳೆಯ ಮನೆಯೊಂದನ್ನು ಕೆಡವುವಾಗ ಬಚ್ಚಿಟ್ಟಿದ್ದ ಹಸ್ತಪ್ರತಿಗಳ ರಾಶಿ ಸಿಕ್ಕಿತು. ಮೊರಿಸ್ಕೊಗಳು ಅಡಗಿಸಿಟ್ಟುಹೋದ ಪುಸ್ತಕಗಳು ಅವು. ಅವುಗಳಲ್ಲಿ ಹಲವು ಅರಬಿ ಲಿಪಿಯಲ್ಲಿದ್ದರೂ ಭಾಷೆ ಸ್ಪ್ಯಾನಿಷ್. ಇಂಥ ಬರಹವನ್ನು ‘ಅಲ್ಹಮಿಯಾದೊ’ ಎನ್ನುತ್ತಾರೆ. ಅರಬಿ ಮಾತು ಬಾಯಿಂದ ಹೋದ ಮೇಲೂ ನಮಾಝ್, ಉಪವಾಸದ ವಿಧಿಗಳನ್ನು, ಪ್ರವಾದಿಗಳ ಕಥೆಗಳನ್ನು ಅವರು ತಿಳಿದ ಭಾಷೆಯಲ್ಲಿ, ಬಿಡಲಾರದ ಲಿಪಿಯಲ್ಲಿ ಬರೆದುಕೊಂಡರು.

ಕರಾವಳಿಯ ನಮ್ಮ ಓದುಗರಿಗೆ ಇದು ಪರಿಚಿತ ಸಂಗತಿ. ದಕ್ಷಿಣ ಕನ್ನಡದ ಬ್ಯಾರಿ ಮನೆಗಳಲ್ಲಿ ಅಜ್ಜ ಅಜ್ಜಿಯರು ಮದರಸದಲ್ಲಿ ಕಲಿತದ್ದು ಅರಬಿ-ಮಲಯಾಳಂ. ಲಿಪಿ ಅರಬಿಯದು, ಭಾಷೆ ಮಲಯಾಳಂ. ಇಲ್ಲಿ ಅದನ್ನು ಯಾರೂ ಬಚ್ಚಿಡಬೇಕಾಗಿ ಬರಲಿಲ್ಲ. ಹಗಲು ಬೆಳಕಿನಲ್ಲಿ ಕಲಿತರು, ಅಚ್ಚು ಹಾಕಿಸಿದರು. ಈ ವ್ಯತ್ಯಾಸದ ಬೆಲೆಯನ್ನು ನಾವು ಅರಿತಿರಬೇಕು.

ನಮ್ಮ ಕನ್ನಡದಲ್ಲಿ

ಸ್ಪೇನಿನಲ್ಲಿ ಆದದ್ದನ್ನು ಕಂಡು ಬೆರಗಾಗುವ ನಾವು ನಮ್ಮ ಅಂಗಳವನ್ನೂ ನೋಡಬೇಕು. ಆಡಳಿತದ ಫಾರಸಿಯ ಮೂಲಕ ಕನ್ನಡಕ್ಕೆ ಬಂದ ಅರಬಿ ಪದಗಳು ಒಂದೆರಡಲ್ಲ. ಖಾಲಿ, ಬಾಕಿ, ಹಾಜರು, ವಸೂಲಿ, ಖರ್ಚು ಇವೆಲ್ಲ ಎಲ್ಲ ಧರ್ಮದವರ ಬಾಯಲ್ಲೂ ಕನ್ನಡದ ಪದಗಳೇ ಆಗಿವೆ. ಇವುಗಳಲ್ಲೂ ಅರ್ಥ ಜಾರಿದವುಗಳಿವೆ. ‘ಸಬಬ್’ ಎಂದರೆ ಕಾರಣ. ಕನ್ನಡದಲ್ಲಿ ‘ಸಬೂಬು’ ಎಂದರೆ ನೆಪ. ಸ್ಪ್ಯಾನಿಷ್‌ನಲ್ಲೂ ದೂರು ಎಂಬರ್ಥದ ಅರಬಿ ಪದ ‘ಅಚಾಕೆ’ ಆಗಿ, ವಯಸ್ಸಾದವರ ಕಾಯಿಲೆಯೂ ಆಯಿತು, ನೆಪವೂ ಆಯಿತು. ‘ತಕ್ರಾರ್’ ಎಂದರೆ ಪುನರಾವರ್ತನೆ. ಹೇಳಿದ್ದನ್ನೇ ಹೇಳುತ್ತಾ ಹೋದರೆ ಏನಾಗುತ್ತದೆಂದು ನಮ್ಮ ‘ತಕರಾರು’ ಹೇಳುತ್ತದೆ.

ಇನ್ನೊಂದು ಉದಾಹರಣೆ ಮನಸ್ಸಿಗೆ ನಾಟುವಂಥದ್ದು. ‘ಅಮಲ್’ ಎಂದರೆ ಕರ್ಮ. ಸತ್ಕರ್ಮ ಎಂಬರ್ಥದಲ್ಲಿ ಪ್ರತಿ ಖುತ್ಬಾದಲ್ಲೂ ಕೇಳುವ ಪದ. ಕನ್ನಡದಲ್ಲಿ ಅದು ‘ಅಮಲ್ದಾರ’ನಲ್ಲಿ ಅಧಿಕಾರವಾಯಿತು, ಬರಿಯ ‘ಅಮಲು’ ಆಗಿ ನಶೆಯಾಯಿತು. ಅದೇ ಧಾತುವಿನ ‘ಮಅಮೂಲ್’ ಎಂದರೆ ವಾಡಿಕೆಯಾಗಿ ನಡೆದದ್ದು. ಕಚೇರಿಯ ಮೆಟ್ಟಿಲ ಬಳಿ ‘ಮಾಮೂಲು ಕೊಟ್ಟೆಯಾ’ ಎಂದರೆ ಏನೆಂದು ನಿಘಂಟು ನೋಡಿ ತಿಳಿಯಬೇಕಾದವರು ನಾಡಿನಲ್ಲಿ ಯಾರೂ ಇಲ್ಲ. ಲಂಚವೇ ವಾಡಿಕೆಯಾದಾಗ ವಾಡಿಕೆ ಎಂಬ ಪದವೇ ಲಂಚವಾಯಿತು. ಪದವನ್ನು ಯಾರೂ ಕೆಡಿಸಲಿಲ್ಲ, ನಡತೆ ಕೆಟ್ಟಿತು, ಪದ ಅದನ್ನು ಹಾಗೆಯೇ ದಾಖಲಿಸಿತು.

ಮತ್ತೆ ಆ ಒಂದು ಮಾತಿಗೆ

ಸೂರಃ ಅರ್ರೂಮ್‌ನಲ್ಲಿ ಮನುಷ್ಯರ ಭಾಷೆಗಳ ಭಿನ್ನತೆಯನ್ನು ಅಲ್ಲಾಹನ ದೃಷ್ಟಾಂತಗಳ ಸಾಲಿನಲ್ಲಿ ಎಣಿಸಲಾಗಿದೆ. ಒಂದು ಭಾಷೆಯನ್ನು ನಿಷೇಧಿಸಿದವರ ಕೈಗೆ ಕೊನೆಗೆ ಏನು ದಕ್ಕಿತೆಂದು ನೋಡಿದೆವು. ಇಂದು ಸ್ಪೇನಿನವರು ಅರಬಿಯ ನೆರವಿಲ್ಲದೆ ‘ನಾಳೆಯ ತನಕ’ ಎಂದು ಬೀಳ್ಕೊಡಲಾರರು, ದಿಂಬಿಗೆ ತಲೆಯಿಡಲಾರರು, ಮಳೆಗಾಗಿ ಹಾರೈಸಲಾರರು.

ಈ ಕಥೆಯಲ್ಲಿ ನಮಗೊಂದು ಪ್ರಶ್ನೆಯೂ ಇದೆ. ನಾಳೆ ಮಾಡುತ್ತೇನೆಂದು ಹೇಳುವಾಗ ಅಲ್ಲಾಹನು ಇಚ್ಛಿಸಿದರೆ ಎಂದು ಸೇರಿಸಬೇಕೆಂಬುದು ಸೂರಃ ಅಲ್ ಕಹ್ಫ್‌ನ ಬೋಧನೆ. ಮಾಡುವ ಸಂಕಲ್ಪ ನನ್ನದು, ನೆರವೇರಿಸುವವನು ಅವನು ಎಂಬ ವಿನಯ ಅದು. ಆದರೆ ನಮ್ಮ ಮನೆಗಳಲ್ಲಿ, ಅಂಗಡಿಗಳಲ್ಲಿ, ಸಮಿತಿ ಸಭೆಗಳಲ್ಲಿ ಈ ಮಾತು ಹೇಗೆ ಬಳಕೆಯಾಗುತ್ತಿದೆ? ‘ಸಾಲ ಯಾವಾಗ ತೀರಿಸುತ್ತೀಯಾ?’ ‘ಇನ್ ಶಾ ಅಲ್ಲಾಹ್, ನೋಡೋಣ.’ ‘ಸಭೆಗೆ ಬರುತ್ತೀರಾ?’ ‘ಇನ್ ಶಾ ಅಲ್ಲಾಹ್.’ ಬರುವುದಿಲ್ಲ ಎಂದು ಕೇಳಿದವರಿಗೂ ಗೊತ್ತು, ಹೇಳಿದವರಿಗೂ ಗೊತ್ತು. ‘ಅಬ್ಬಾ, ರಜೆಯಲ್ಲಿ ಸಮುದ್ರ ನೋಡಲು ಕರೆದುಕೊಂಡು ಹೋಗ್ತೀರಾ?’ ಎಂದು ಕೇಳಿದ ಮಗು ನಮ್ಮ ‘ಇನ್ ಶಾ ಅಲ್ಲಾಹ್’ ಕೇಳಿದೊಡನೆ ಮುಖ ಸಣ್ಣದು ಮಾಡಿಕೊಳ್ಳುತ್ತದೆ. ಇಲ್ಲ ಎನ್ನುವ ಮರ್ಯಾದೆಯ ಮಾತು ಇದು ಎಂದು ಅದು ಎಂದೋ ಕಲಿತುಬಿಟ್ಟಿದೆ.

ಆಂದಲೂಸಿಯಾದ ರೈತನಿಗೆ ತನ್ನ ಮಾತಿನಲ್ಲಿ ಯಾರ ಹೆಸರಿದೆಯೆಂದು ತಿಳಿಯದು, ಆದರೆ ಅವನ ಹಾರೈಕೆ ನಿಜವಾದದ್ದು. ನಮಗೆ ಯಾರ ಹೆಸರೆಂದು ಚೆನ್ನಾಗಿ ತಿಳಿದಿದೆ, ಸಂಕಲ್ಪ ಮಾತ್ರ ಇಲ್ಲ. ನಾಳೆ ಯಾವನೋ ನಿಘಂಟುಕಾರ ನಮ್ಮ ಬೀದಿಗೆ ಬಂದು, ಜನ ಬಳಸುವ ರೀತಿ ನೋಡಿ, ‘ಇನ್ ಶಾ ಅಲ್ಲಾಹ್’ ಎಂಬುದರ ಮುಂದೆ ಅರ್ಥ ಬರೆಯುವುದಾದರೆ ಏನು ಬರೆದಾನು? ಅವನಿಗೆ ಮದರಸದ ಪಾಠಪುಸ್ತಕ ಬೇಕಿಲ್ಲ. ನಮ್ಮ ನಡತೆಯೇ ಸಾಕು. ಮುಂದಿನ ಬಾರಿ ಆ ಮಾತು ನಾಲಿಗೆಗೆ ಬಂದಾಗ, ಮಾಡುವ ಮನಸ್ಸಿದೆಯೇ ಎಂದು ಒಮ್ಮೆ ಕೇಳಿಕೊಳ್ಳೋಣ. ಇಲ್ಲದಿದ್ದರೆ ‘ಆಗುವುದಿಲ್ಲ, ಕ್ಷಮಿಸಿ’ ಎನ್ನೋಣ. ಇದ್ದರೆ ‘ಇನ್ ಶಾ ಅಲ್ಲಾಹ್’ ಎಂದು ಹೇಳಿ, ಹೇಳಿದ ಹೊತ್ತಿಗೆ ಹೋಗಿ ನಿಲ್ಲೋಣ.

ಅಲ್ಲಾಹನು ನಮ್ಮ ಮಾತು ಮತ್ತು ಕರ್ಮಗಳನ್ನು ಒಂದಾಗಿಸಲಿ. ಆಮೀನ್.